ತಾಯತದ ಪೆಟ್ಟಿಗೆಯ ಜೊತೆ ಮುಂಡಗೋಡ, ಶಿರಸಿ, ಅಂಕೋಲಾ, ಕಾರವಾರ

ಗುರುವಾರ: ಶಿರಸಿಯಿಂದ ಮುಂಡಗೋಡಕ್ಕೆ

ಶಿರಸಿ ಬಿಟ್ಟು ಹುಬ್ಬಳ್ಳಿ ರಸ್ತೆ ಹಿಡಿದರೆ ಇಸಳೂರು ದಾಟುವಷ್ಟರಲ್ಲಿ ಅಡಿಕೆ ತೋಟಗಳು ಹಿಂದೆ ಬೀಳುತ್ತವೆ. ಮಳಗಿ ಕಳೆದು ಪಾಳಾ ಬರುವ ಹೊತ್ತಿಗೆ ಕಾಡು ತೆಳುವಾಗಿ, ಗೋವಿನಜೋಳ ಕೊಯ್ದ ಹೊಲಗಳು, ಸಾಗವಾನಿ ಸಾಲುಗಳು ಕಾಣತೊಡಗುತ್ತವೆ. ಒಂದೇ ಜಿಲ್ಲೆ, ಸುಮಾರು 50 ಕಿ.ಮೀ. ದಾರಿ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವುದು ಇದರ ನಡುವೆಯೇ.

ಜನವರಿಯ ಚಳಿ. ನಮ್ಮನೆಯವರು ಕಾರು ನಡೆಸುತ್ತಿದ್ದರು. ಹೊರಟದ್ದು ಮುಂಡಗೋಡದ ಟಿಬೆಟನ್ ಕಾಲೋನಿಯ ಒಂದು ಮನೆಗೆ. ಆ ಮನೆಯ ಹುಡುಗಿ ನರ್ಸಿಂಗ್ ಓದುವಾಗ ಶಿರಸಿಯಲ್ಲಿ ನಮ್ಮ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಈಗ ಕಾರವಾರದಲ್ಲಿ ಕೆಲಸ. ಹಿಂದಿನ ವಾರ ಫೋನ್ ಮಾಡಿ, "ಅಕ್ಕಾ, ಮೋಲಾನ ಗಾವು ಇದೆಯಲ್ಲ, ಅದರ ಕೊಂಡಿ ಕಿತ್ತು ಬಂದಿದೆ. ಶಿರಸಿಯಲ್ಲಿ ನಿಮಗೆ ಪರಿಚಯದ ಅಕ್ಕಸಾಲಿ ಶೇಟ್ರಿಗೆ ತೋರಿಸಿ ಕೊಡ್ತೀರಾ?" ಎಂದು ಕೇಳಿದ್ದಳು. ಮೋಲಾ ಎಂದರೆ ಅಜ್ಜಿ. ಗಾವು ಎಂದರೆ ಟಿಬೆಟನ್ನರು ಮೈಮೇಲೆ ಧರಿಸುವ ತಾಯತದ ಪೆಟ್ಟಿಗೆ. ಅದನ್ನು ಬೇರೆಯವರ ಕೈಗೆ ಕೊಡಲು ಮೋಲಾ ಒಪ್ಪಿರಲಿಲ್ಲ. ತಾನೇ ಜೊತೆಗೆ ಬರುವುದಾದರೆ ಸರಿ ಎಂದಿದ್ದರು. ಹಾಗಾಗಿ ಅವರನ್ನೇ ಕರೆದುಕೊಂಡು ಶಿರಸಿಗೆ ಬರುವುದು, ಆಮೇಲೆ ಮೊಮ್ಮಗಳನ್ನು ನೋಡಲು ಕಾರವಾರಕ್ಕೆ ಹೋಗುವುದು ಎಂದು ಠರಾವಾಯಿತು.

ಮುಂಡಗೋಡದ ಕಾಲೋನಿ ಶುರುವಾದದ್ದು 1966ರಲ್ಲಿ. ದಲೈ ಲಾಮಾ 1959ರ ಮಾರ್ಚ್‌ನಲ್ಲಿ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದಾಗ ಅವರ ಹಿಂದೆಯೇ ಸಾವಿರಾರು ಸಂಸಾರಗಳು ಹಿಮಾಲಯ ದಾಟಿದವು. ಅವರಿಗೆ ನೆಲೆ ಕೊಡಲು ಮೊದಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವೂ ಒಂದು. ಬೈಲಕುಪ್ಪೆ ಮೊದಲಾಯಿತು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ ಮುಂಡಗೋಡದ ಸುಮಾರು 4000 ಎಕರೆ ಕಾಡುಭೂಮಿಯನ್ನೂ ಕೊಟ್ಟರು. ಲ್ಹಾಸಾದ ಹತ್ತಿರ 1409ರಲ್ಲಿ ಕಟ್ಟಿದ ಗಾಂದೆನ್, 1416ರಲ್ಲಿ ಕಟ್ಟಿದ ದ್ರೆಪುಂಗ್, ಈ ಎರಡು ಮಹಾಮಠಗಳು ಮತ್ತೆ ಎದ್ದು ನಿಂತದ್ದು ನಮ್ಮ ಜಿಲ್ಲೆಯ ಈ ಕೆಂಪು ಮಣ್ಣಿನಲ್ಲಿ. ನಾವು ಶಾಲೆಯಿಂದ ಪ್ರವಾಸ ಹೋಗಿ ಬಂಗಾರದ ಬುದ್ಧನನ್ನು ನೋಡಿ, ಮೊಮೊ ತಿಂದು ಬಂದವರೇ. ಆದರೆ ಕ್ಯಾಂಪಿನ ಮನೆಗಳೊಳಗೆ ಏನಿದೆ ಎಂದು ನೋಡಿದವರು ಕಡಿಮೆ.

ಮೋಲಾನ ಮನೆ ಹೆಂಚಿನದು. ಅಂಗಳದಲ್ಲಿ ಒಣಗಿಸಿದ ಗೋವಿನಜೋಳದ ತೆನೆ, ಗೋಡೆಗೆ ಒರಗಿಸಿದ ಸೈಕಲ್ಲು, ಮೇಲೆ ಬಣ್ಣ ಮಾಸಿದ ಮಂತ್ರದ ಬಾವುಟಗಳು. ಆಮಾಲಾ, ಅಂದರೆ ಹುಡುಗಿಯ ತಾಯಿ, ನಂದಿನಿ ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಚಹಾ ಕೊಟ್ಟರು. ನಮ್ಮನೆಯವರು ಎರಡನೇ ಲೋಟ ಕೇಳಿ ಕುಡಿದರು.

ಗಾವು ದೇವರ ಕೋಣೆಯಲ್ಲಿ ಏಳು ನೀರಿನ ಬಟ್ಟಲುಗಳ ಹಿಂದೆ ಇತ್ತು. ಹೆಂಗಸರು ಕೊರಳಿಗೆ ಹಾಕುವ ಗಾವು ಚಿಕ್ಕದು. ಇದು ಗಂಡಸರು ದೂರ ಪ್ರಯಾಣ ಹೋಗುವಾಗ ಹೆಗಲಿನಿಂದ ಅಡ್ಡಕ್ಕೆ ಇಳಿಬಿಟ್ಟು ಹೋಗುವ ಗಾವು. ಅಂಗೈಗಿಂತ ಸ್ವಲ್ಪ ದೊಡ್ಡದು, ಮೇಲ್ಭಾಗ ಕಮಾನಿನಂತೆ ಬಾಗಿದೆ. ಮುಂದಿನ ಮುಚ್ಚಳ ಬೆಳ್ಳಿಯದು, ಹಿಂದಿನ ಡಬ್ಬಿ ತಾಮ್ರದ್ದು. ಮುಚ್ಚಳದ ನಡುವೆ ಒಂದು ಕಿಟಕಿ. ಅದರ ಸುತ್ತ ಛತ್ರ, ಜೋಡಿ ಮೀನು, ಕಲಶ, ಪದ್ಮ, ಶಂಖ, ಶ್ರೀವತ್ಸ, ಧ್ವಜ, ಚಕ್ರ ಎಂಬ ಅಷ್ಟಮಂಗಲಗಳನ್ನು ಉಬ್ಬಿಸಿ ಕೆತ್ತಿದ್ದಾರೆ. ಮೇಲುಗಡೆ ಒಂದು ಫಿರೋಜಾ ಕಲ್ಲು. ಮೈಯ ಎಣ್ಣೆ, ಬೆವರು ತಾಗಿ ತಾಗಿ ಅದರ ನೀಲಿ ಹಸಿರಿಗೆ ತಿರುಗಿದೆ. ಕೆಳಗೆ ಎರಡು ಹವಳ. ಮೂರನೆಯ ಹವಳದ ಜಾಗದಲ್ಲಿ ಬರೀ ಗುಳಿ; ಅದರ ತಳದಲ್ಲಿ ಕಲ್ಲು ಕೂರಿಸಲು ಹಾಕಿದ್ದ ಅರಗು ಕಪ್ಪಗೆ ಗಟ್ಟಿಯಾಗಿ ಉಳಿದಿದೆ.

ಪೆಟ್ಟಿಗೆಯ ಎರಡೂ ಬದಿಗಳಲ್ಲಿ ಸಣ್ಣ ನಳಿಗೆಯಂಥ ಕೊಂಡಿಗಳಿವೆ. ಮುಚ್ಚಳದ ಕೊಂಡಿ ಮತ್ತು ಡಬ್ಬಿಯ ಕೊಂಡಿ ಒಂದರ ಕೆಳಗೊಂದು ಸರಿಯಾಗಿ ಕೂರುತ್ತವೆ. ಉಣ್ಣೆಯ ಪಟ್ಟಿಯನ್ನು ಅವುಗಳೊಳಗೆ ತೂರಿಸಿದರೆ ಬೀಗ ಹಾಕಿದ ಹಾಗೆಯೇ. ಹೆಗಲಿಗೆ ಹಾಕುವ ಪಟ್ಟಿಯೇ ಪೆಟ್ಟಿಗೆಯನ್ನು ಮುಚ್ಚಿ ಹಿಡಿಯುತ್ತದೆ. ನಡೆಯುವವನ ಮೈಮೇಲೆ ಇರುವಷ್ಟು ಹೊತ್ತೂ ಅದು ತೆರೆಯುವುದಿಲ್ಲ. ಯಾರು ಯೋಚಿಸಿದರೋ, ಎಂಥ ಬುದ್ಧಿ! ಈಗ ಎಡಬದಿಯಲ್ಲಿ ತಾಮ್ರದ ಡಬ್ಬಿಯ ಕೊಂಡಿ ಕಿತ್ತು ಬಂದಿತ್ತು. ಬಲಬದಿಯ ಕೊಂಡಿ ಯಾವತ್ತೋ ಮುರಿದು, ಅದರ ಬದಲಿಗೆ ಯಾರೋ ದಪ್ಪ ಕಬ್ಬಿಣದ ತಂತಿಯನ್ನು ಸುತ್ತಿ ಬಿಗಿದಿದ್ದರು.

"ಅದು ನಮ್ಮಪ್ಪ ಮಾಡಿದ್ದು. ರೋಡ್ ಕೆಲಸದಲ್ಲಿ" ಎಂದರು ಮೋಲಾ. ಅವರ ಕನ್ನಡದಲ್ಲಿ ಹಿಂದಿ ಬೆರೆತಿರುತ್ತದೆ. ಉಳಿದದ್ದನ್ನು ಆಮಾಲಾ ಹೇಳಿ ಕೊಡುತ್ತಾರೆ. ಊರು ಲ್ಹೋಖಾ, ಲ್ಹಾಸಾದಿಂದ ದಕ್ಷಿಣಕ್ಕೆ. ಹೊರಟಾಗ ಮೋಲಾಗೆ ಎಂಟು ವರ್ಷ. ಅಪ್ಪ ಈ ಗಾವನ್ನು ಅಂಗಿಯ ಒಳಗೆ ಎದೆಗೆ ಕಟ್ಟಿಕೊಂಡಿದ್ದರು. ಬೆಳ್ಳಿ ಹೊಳೆದರೆ ದೂರಕ್ಕೆ ಕಾಣುತ್ತದೆ ಎಂದು ಮುಚ್ಚಳಕ್ಕೆ ಮಸಿ ಬಳಿದಿದ್ದರಂತೆ. ರಾತ್ರಿ ನಡೆದು ಹಗಲು ಅಡಗಿ ತವಾಂಗ್ ಕಡೆಯಿಂದ ಇಳಿದು, ಅಸ್ಸಾಮಿನ ಮಿಸ್ಸಾಮಾರಿ ಶಿಬಿರಕ್ಕೆ ಬಂದರು. ಹಿಮದಿಂದ ಇಳಿದವರಿಗೆ ಅಸ್ಸಾಮಿನ ಸೆಕೆ, ಸೊಳ್ಳೆ. ತಮ್ಮ ಜ್ವರದಲ್ಲಿ ಮಲಗಿದ. ಆಗ ಅಮ್ಮ ಒಂದು ಹವಳ ಕಿತ್ತು ಮಾರಿದಳು.

"ತಮ್ಮ ಉಳಿದರಾ?" ಎಂದೆ.

"ಇಲ್ಲ" ಎಂದರು ಮೋಲಾ. ಗುಳಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಮಾತಾಡುತ್ತಿದ್ದರು.

ಶಿಬಿರದಿಂದ ಸರ್ಕಾರ ಗಟ್ಟಿಮುಟ್ಟಾದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಿತು. ಮೋಲಾನ ಅಪ್ಪ ಅಮ್ಮ ಹಿಮಾಚಲದಲ್ಲಿ ಕಲ್ಲು ಒಡೆದರು. ಅಲ್ಲಿ ಡೇರೆಯ ಮೇಲೆ ಗುಡ್ಡ ಕುಸಿದಾಗ ಬಲಬದಿಯ ಕೊಂಡಿ ಮುರಿದದ್ದು. ಸುರಂಗದ ಕೆಲಸಕ್ಕೆ ತಂದಿದ್ದ ತಂತಿಯ ತುಂಡಿನಿಂದ ಅಪ್ಪ ಅದನ್ನು ಕಟ್ಟಿದರು. ಮುಂದೆ ಮುಂಡಗೋಡ.

ಮಧ್ಯಾಹ್ನ ಮಠದಿಂದ ಅವರ ಸಂಬಂಧಿ ಭಿಕ್ಷು ಬಂದರು. ಒಳಗಿನದನ್ನು ಮನೆಯವರು ತೆಗೆಯುವಂತಿಲ್ಲ; ಪ್ರತಿಷ್ಠೆ ಮಾಡಿ ಇಟ್ಟದ್ದು. ಮಂತ್ರ ಹೇಳುತ್ತ ಅವರು ಒಂದೊಂದೇ ಹೊರಗೆ ತೆಗೆದು ಖತಾ ಎಂಬ ಬಿಳಿ ಮಂಗಲವಸ್ತ್ರದ ಮೇಲೆ ಇಟ್ಟರು: ಜೇಡಿಮಣ್ಣಿನಲ್ಲಿ ಅಚ್ಚೊತ್ತಿದ ಹೆಬ್ಬೆರಳಿನಷ್ಟು ತಾರಾದೇವಿ, ಮರದ ಅಚ್ಚಿನಿಂದ ಮುದ್ರಿಸಿ ಬಿಗಿಯಾಗಿ ಸುತ್ತಿದ ಕಾಗದಗಳು, ಗಂಟು ಹಾಕಿದ ಕೆಂಪು ದಾರ, ಯಾವುದೋ ಗುರುವಿನ ಮೇಲಂಗಿಯ ಚೂರು, ಒಂದಿಷ್ಟು ಬಾರ್ಲಿ ಕಾಳು. ಆ ಕಾಳು ಲ್ಹೋಖಾದ ಹೊಲದ್ದು. ಆಮಾಲಾ ಕೂಡ ಅದನ್ನು ಮೊದಲ ಸಲ ನೋಡಿದ್ದು ಅವತ್ತು. ಬಗ್ಗಿ ನೋಡಿ, ಸೆರಗು ಇಲ್ಲದ ಉಡುಪಾದ್ದರಿಂದ ಅಂಗೈಯಿಂದಲೇ ಕಣ್ಣು ಒರೆಸಿಕೊಂಡರು. ಖತಾವನ್ನು ಮಡಚಿ ಭಿಕ್ಷು ಮಠಕ್ಕೆ ತೆಗೆದುಕೊಂಡು ಹೋದರು. ಬರಿದಾದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಮೋಲಾ ಕಾರು ಹತ್ತಿದರು.

ಶುಕ್ರವಾರ: ಶಿರಸಿ

ನಮ್ಮ ಶೇಟ್ರ ಅಂಗಡಿ ಪೇಟೆಯ ಒಳಗಿನ ಗಲ್ಲಿಯಲ್ಲಿದೆ. ಗಾಜಿನ ಶೋಕೇಸು ಇಲ್ಲ. ಅಡಿಗಲ್ಲು, ಚಿಮಟ, ಇದ್ದಿಲಿನ ಅಗ್ಗಿಷ್ಟಿಕೆ, ತೂಕದ ಪೆಟ್ಟಿಗೆ, ಅಷ್ಟೇ. ಈಗ ಅವರ ಮಗ ಗ್ಯಾಸಿನ ಉರಿಯಲ್ಲಿ ಕೆಲಸ ಮಾಡುತ್ತಾನೆ. ಶೇಟ್ರು ಮಾತ್ರ ನಾಜೂಕಿನ ಕೆಲಸಕ್ಕೆ ಇನ್ನೂ ಊದುಗೊಳವೆಯನ್ನೇ ಬಾಯಿಗಿಡುತ್ತಾರೆ.

ಟವೆಲ್ಲು ಬಿಚ್ಚಿದ್ದೇ ತಡ, ಅವರ ಮುಖ ಅರಳಿತು. "ಇದು ನಮ್ಮ ಲಿಂಗಾಯತರ ಕರಡಿಗೆ ಇದ್ದ ಹಾಗೇ ಅಲ್ದಾ? ಅವರೂ ದೇವರನ್ನ ಮೈಮೇಲೇ ಇಟ್ಕಂಡು ಹೋಗೋರು" ಎಂದರು. ಬನವಾಸಿ ಕಡೆಯ ಗಿರಾಕಿಗಳಿಗೆ ಬೆಳ್ಳಿ ಕರಡಿಗೆ ಮಾಡಿ ಕೊಟ್ಟ ಕೈ ಅವರದು. ಕನ್ನಡಕ ಏರಿಸಿ ಮುಚ್ಚಳವನ್ನು ಬೆಳಕಿಗೆ ಹಿಡಿದು, ಹಿಂಬದಿಯಿಂದ ನೋಡಿ, ಮತ್ತೆ ಮುಂಬದಿಯಿಂದ ನೋಡಿ, ಮಗನನ್ನು ಕರೆದರು. "ಇಲ್ಲಿ ನೋಡು, ಶಂಖದ ಸುತ್ತು. ಅರಗಿನ ಮೇಲಿಟ್ಟು ಹಿಂದಿಂದ ಉಬ್ಸಿದ್ದಾರೆ, ಆಮೇಲೆ ಮುಂದಿಂದ ಗೆರೆ ಎಳೆದಿದ್ದಾರೆ. ಎಲ್ಲೂ ತಗಡು ಹರಿದಿಲ್ಲ." ಲ್ಹಾಸಾದಲ್ಲಿ ನೇಪಾಳದ ನೇವಾರ ಅಕ್ಕಸಾಲಿಗರು ತಲೆಮಾರುಗಳಿಂದ ಇಂಥ ಕೆಲಸ ಮಾಡುತ್ತಿದ್ದರು. ಇದನ್ನು ಮಾಡಿದವರು ಯಾರೇ ಇರಲಿ, ಶಿರಸಿಯ ಒಬ್ಬ ಕಸುಬುದಾರ ಅವರ ಸುತ್ತಿಗೆಯ ಪೆಟ್ಟನ್ನು ಓದಿದ.

ಅಡಚಣೆ ಇದ್ದದ್ದು ಬೆಂಕಿಯದು. ಬೆಸುಗೆಗೆ ತಾಮ್ರವನ್ನು ಕೆಂಪಾಗುವ ತನಕ ಕಾಯಿಸಬೇಕು. ಫಿರೋಜಾ ಆ ಕಾವಿಗೆ ಬಣ್ಣ ಕೆಟ್ಟು ಸೀಳುತ್ತದೆ, ಹವಳ ಸುಣ್ಣವಾಗುತ್ತದೆ. ಆದರೆ ಕಲ್ಲುಗಳೆಲ್ಲ ಇದ್ದದ್ದು ಮುಚ್ಚಳದಲ್ಲಿ. ಕಿತ್ತದ್ದು ಹಿಂದಿನ ಡಬ್ಬಿಯ ಕೊಂಡಿ. ಶೇಟ್ರು ಮುಚ್ಚಳವನ್ನು ಮೋಲಾನ ಮಡಿಲಿಗೇ ಕೊಟ್ಟು, "ಇದು ನಿಮ್ಮ ಹತ್ರ ಇರ್ಲಿ ಅಮ್ಮಾ, ಇದಕ್ಕೆ ನಾ ಕೈ ಹಚ್ಚೂದಿಲ್ಲ" ಎಂದರು. ಡಬ್ಬಿಯ ಬದಿಯನ್ನು ಕೆರೆದು, ಬಿಳಿಗಾರ ತೇಯ್ದು ಹಚ್ಚಿ, ಕೊಂಡಿಯನ್ನು ತಂತಿಯಿಂದ ಬಿಗಿದು, ಬೆಳ್ಳಿ ಬೆಸುಗೆಯ ಚೂರುಗಳನ್ನು ಚಿಮಟದ ತುದಿಯಿಂದ ಇಟ್ಟರು. ಊದಲು ಶುರುಮಾಡಿದರು. ಬಿಳಿಗಾರ ಮೊದಲು ಉಬ್ಬಿತು, ಆಮೇಲೆ ಕರಗಿ ಗಾಜಿನಂತಾಯಿತು. ತಾಮ್ರ ಮಂಕುಗೆಂಪಾದ ಒಂದು ಗಳಿಗೆಯಲ್ಲಿ ಬೆಸುಗೆಯ ಚೂರುಗಳು ಥಟ್ಟನೆ ನೀರಾಗಿ ಕೊಂಡಿಯ ಬುಡಕ್ಕೆ ಎಳೆದುಕೊಂಡವು. ಶೇಟ್ರು ಕೂಡಲೇ ಉಸಿರು ನಿಲ್ಲಿಸಿದರು. ಮೋಲಾ ಕೂಡ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದರು, ಆಗ ಬಿಟ್ಟರು.

ಹುಣಸೆಹುಳಿಯಲ್ಲಿ ತೊಳೆದಾಗ ಬೆಸುಗೆಯ ಗೆರೆ ತಾಮ್ರದ ಮೇಲೆ ಬೆಳ್ಳಗೆ ಕಂಡಿತು. ಮಗ ಅದನ್ನು ಉಜ್ಜಿ ಮರೆಸಲು ಹೊರಟ, ಪೆಟ್ಟಿಗೆ ಪೂರ್ತಿ ಪಾಲಿಶ್ ಮಾಡಿ ಕೊಡುತ್ತೇನೆಂದ. ಮೋಲಾ ಬೇಡ ಎಂದರು. ಬಲಬದಿಯ ಕಬ್ಬಿಣದ ತಂತಿಯನ್ನು ತೆಗೆದು ಸರಿಯಾದ ಕೊಂಡಿ ಕೂರಿಸುವ ಮಾತು ಬಂದಾಗಲೂ ಬೇಡ ಎಂದರು. ಶೇಟ್ರು ಮಗನ ಕೈಯಿಂದ ಬ್ರಷ್ಷು ಇಸಿದುಕೊಂಡರು. ನನಗೂ ಅದೇ ಸರಿ ಅನ್ನಿಸಿತು. ಹಳೆಯ ವಸ್ತುಗಳನ್ನು ಹೊಸದರಂತೆ ಹೊಳೆಯಿಸಿ ಇಡುವ ಚಟ ಈಗ ಎಲ್ಲ ಕಡೆ ಇದೆ. ಹೊಳೆಯಿಸಿದರೆ ಹೋಗುವುದು ಕೊಳೆಯಷ್ಟೇ ಅಲ್ಲ. ಮಸಿ ಬಳಿದು ಬೆಳ್ಳಿಯನ್ನು ಅಡಗಿಸಿದ ರಾತ್ರಿಗಳು ಆ ಕೆತ್ತನೆಯ ಸಂದಿಗಳಲ್ಲಿ ಇನ್ನೂ ಇವೆ. ಮಿಸ್ಸಾಮಾರಿ ಆ ಗುಳಿಯಲ್ಲಿದೆ, ಹಿಮಾಚಲದ ರಸ್ತೆ ಆ ತಂತಿಯಲ್ಲಿದೆ. ಈ ಸಂಸಾರದ ಊರುಗಳು ಕಾಗದದಲ್ಲಿ ಎಲ್ಲಿ ದಾಖಲಾಗಿವೆಯೋ ಇಲ್ಲವೋ, ಈ ಪೆಟ್ಟಿಗೆಯಲ್ಲಂತೂ ಆಗಿವೆ. ಈಗ ಶಿರಸಿಯ ಬೆಸುಗೆಯೂ ಸೇರಿತು.

ಮಜೂರಿ ಎಷ್ಟೆಂದರೆ ಶೇಟ್ರು ಕೈ ಅಲ್ಲಾಡಿಸಿದರು. "ನಮ್ಮ ಹಿರಿಯರೂ ಗೋವೆಯಿಂದ ಹೊಳೆ ದಾಟಿ ಬಂದವರೇ. ದೇವರನ್ನ ಬುಟ್ಟಿಲಿ ಇಟ್ಕಂಡು ಬಂದ್ರಂತೆ." ಪೋರ್ಚುಗೀಸರು ಗೋವೆಯಲ್ಲಿ ಧರ್ಮ ವಿಚಾರಣೆಯ ನ್ಯಾಯಾಲಯ ತೆರೆದದ್ದು 1560ರಲ್ಲಿ. ಆ ಕಾಲದಲ್ಲಿ ಕಾಳಿ ನದಿ ದಾಟಿ ದಕ್ಷಿಣಕ್ಕೆ ಬಂದ ಕೊಂಕಣಿ ಮನೆತನಗಳು ನಮ್ಮ ಜಿಲ್ಲೆಯ ಪೇಟೆ ಪೇಟೆಯಲ್ಲೂ ಇವೆ. ಶೇಟ್ರು ಅದನ್ನು ನಿನ್ನೆ ಮೊನ್ನೆಯ ಸಂಗತಿಯಂತೆ ಹೇಳಿದರು.

ಸಂಜೆ ಮಾರಿಕಾಂಬೆಯ ಗುಡಿಗೆ ಹೋದೆವು. 1688ರಿಂದ ಇಲ್ಲಿ ನೆಲೆಸಿದ ಕೆಂಪು ಮೈಬಣ್ಣದ ಎಂಟು ಕೈಯ ದೇವಿಯ ಎದುರು ಮೋಲಾ ಎರಡೂ ಕೈ ತಲೆಗೆ, ಗಂಟಲಿಗೆ, ಎದೆಗೆ ತಾಗಿಸಿ ತಮ್ಮ ಪದ್ಧತಿಯಲ್ಲೇ ನಮಸ್ಕರಿಸಿದರು.

ಶನಿವಾರ: ದೇವಿಮನೆ ಘಟ್ಟ ಇಳಿದು ಅಂಕೋಲಾಕ್ಕೆ

ದೇವಿಮನೆ ಘಟ್ಟದ ತಿರುವುಗಳಲ್ಲಿ ಮೋಲಾ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ಕತಗಾಲ ಬಂದಾಗ ಕಣ್ಣು ತೆರೆದು, "ಇಳಿಯೋದು ಮುಗೀತಾ?" ಎಂದರು. ಇಳಿಯುವ ದಾರಿ ಅವರಿಗೆ ಇಷ್ಟವಿಲ್ಲ. ಕುಮಟಾದಲ್ಲಿ ಊಟ, ಅಲ್ಲಿಂದ ಹೆದ್ದಾರಿಯಲ್ಲಿ ಮಿರ್ಜಾನ ಕೋಟೆಯನ್ನು ಪಕ್ಕಕ್ಕೆ ಬಿಟ್ಟು, ಗಂಗಾವಳಿ ದಾಟಿ ಅಂಕೋಲಾ.

ಅಂಕೋಲಾದ ಪೇಟೆಯಲ್ಲಿ ಬಸಳೆ, ಹರಿವೆ, ಬದನೆ ಹರಡಿಕೊಂಡು ಹಾಲಕ್ಕಿ ಸಮುದಾಯದ ಹೆಂಗಸರು ಕೂತಿರುತ್ತಾರೆ. ಕೊರಳಿನಿಂದ ಎದೆಯ ತನಕ ಕರಿ, ಹಳದಿ, ಬಿಳಿ, ಕೆಂಪು ಮಣಿಸರಗಳ ಸುತ್ತು ಸುತ್ತು. 2017ರಲ್ಲಿ ಪದ್ಮಶ್ರೀ ಪಡೆದ ಬಡಿಗೇರಿಯ ಹಾಲಕ್ಕಿ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಚಿತ್ರ ನೋಡಿದವರಿಗೆ ಆ ಸರಗಳ ಅಂದಾಜು ಇರುತ್ತದೆ. ನಾನು ಬಸಳೆ ಕೊಳ್ಳುತ್ತಿದ್ದಾಗ ಮೋಲಾ ಒಬ್ಬ ಹಾಲಕ್ಕಿ ಅಜ್ಜಿಯ ಎದುರು ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದರು. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಮೋಲಾ ಕೈ ಚಾಚಿ ಆ ಮಣಿಸರಗಳನ್ನು ಕೆಳಗಿನಿಂದ ಎತ್ತಿ ತೂಕ ನೋಡಿದರು. ಅಜ್ಜಿ ಬೇಸರಪಡಲಿಲ್ಲ, ಅವರೂ ಕೈ ಚಾಚಿ ಮೋಲಾನ ಕೊರಳಿನ ಹವಳ ಮುಟ್ಟಿದರು.

"ನಿಮ್ಗೆ ಒಂದೇ ಸರ? ಕಮ್ಮಿ ಆಯ್ತಲೇ ಅಬ್ಬೇ!" ಎಂದರು ಅಜ್ಜಿ.

ಮೋಲಾ ನಕ್ಕರು. "ನಮ್ಮಮ್ಮನಿಗೆ ಇಷ್ಟು ಇತ್ತು" ಎಂದು ಕೊರಳಿನಿಂದ ಹೊಟ್ಟೆಯ ತನಕ ಕೈ ಆಡಿಸಿ ತೋರಿಸಿ, "ಎಲ್ಲಾ ತಿಂದ್ವಿ. ಅಕ್ಕಿ ತಗೊಂಡು ತಿಂದ್ವಿ" ಎಂದರು.

ಹಾಲಕ್ಕಿ ಅಜ್ಜಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. "ಹೊಟ್ಟಿ ಮೊದ್ಲು" ಎಂದು ತಲೆಯಾಡಿಸಿದರು. ಆಗ ಮೋಲಾ ಚೀಲದಿಂದ ಟವೆಲ್ಲು ತೆಗೆದು ಗಾವು ಬಿಚ್ಚಿದರು. ಒಳಗೆ ದೇವರಿದ್ದಿದ್ದರೆ ಪೇಟೆಯ ನಡುವೆ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಬರಿದಾಗಿದ್ದಕ್ಕೇ ಆ ದಿನ ಅದು ಇನ್ನೊಬ್ಬರ ಕೈಗೆ ಹೋಯಿತು. ಅಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡರು, ಜೋಡಿ ಮೀನಿನ ಮೇಲೆ ಬೆರಳಾಡಿಸಿ "ಮೀನಲಾ!" ಎಂದು ಪಕ್ಕದವಳಿಗೆ ತೋರಿಸಿದರು. ಪೆಟ್ಟಿಗೆ ಮೂರ್ನಾಲ್ಕು ಕೈ ದಾಟಿತು. ವಾಪಸ್ ಬರುವಾಗ ಅದರೊಳಗೆ ಯಾರೋ ಒಂದು ಅಬ್ಬಲಿಗೆ ಹೂವಿಟ್ಟಿದ್ದರು.

ಕತ್ತಲಾಗುವ ಹೊತ್ತಿಗೆ ಕಾರವಾರ ಮುಟ್ಟಿದೆವು. ಹುಡುಗಿ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದಳು. ಅಜ್ಜಿ ಮೊಮ್ಮಗಳು ಹಣೆಗೆ ಹಣೆ ತಾಗಿಸಿದರು.

ಭಾನುವಾರ: ಕಾರವಾರ

ಬೆಳಿಗ್ಗೆ ಟ್ಯಾಗೋರ್ ಕಡಲತೀರ. ಮೋಲಾ ಸಮುದ್ರವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಚಳಿಗಾಲಗಟ್ಟಲೆ ಸ್ವೆಟರು ಮಾರಿದವರು. ಕರಾವಳಿಯಲ್ಲಿ ಸ್ವೆಟರು ಯಾರು ಕೊಳ್ಳುತ್ತಾರೆಂದು ಘಟ್ಟ ಇಳಿದಿರಲೇ ಇಲ್ಲ. ನೀರಿನಲ್ಲಿ ಕಾಲಿಟ್ಟು, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದರು. "ಉಪ್ಪು ನಿಜ" ಎಂದರು. ಟಿಬೆಟ್ಟಿನಲ್ಲಿ ಉಪ್ಪು ಬರುತ್ತಿದ್ದುದು ಉತ್ತರದ ಕೆರೆಗಳಿಂದ, ಯಾಕ್‌ಗಳ ಬೆನ್ನಮೇಲೆ.

ಚಿಪ್ಪಿನ ಸಾಮಾನು ಮಾರುವವನ ಹತ್ತಿರ ಶಂಖಗಳೂ ಕೆಂಪು ಮಣಿಸರಗಳೂ ಇದ್ದವು. ಹುಡುಗಿ ಒಂದು ಕೆಂಪು ಮಣಿ ಎತ್ತಿ ಪೆಟ್ಟಿಗೆಯ ಗುಳಿಗೆ ಹಿಡಿದು ನೋಡಿದಳು, ಸರಿಯಾಗಿ ಕೂರುತ್ತಿತ್ತು. "ಮೋಲಾ, ಹವಳ ಈ ಸಮುದ್ರದ್ದಾ?" ಎಂದು ಕೇಳಿದಳು. ಅಲ್ಲ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ, ಆದರೆ ಒಡವೆಗೆ ಬರುವ ಕೆಂಪು ಹವಳ ಅದಲ್ಲ. ಅದು ಮೆಡಿಟರೇನಿಯನ್ ಕಡಲಿನದು. ಅಲ್ಲಿಂದ ವರ್ತಕರ ಕೈಯಿಂದ ಕೈಗೆ ದಾಟಿ ಹಿಮಾಲಯದಾಚೆ ಹೋಗುತ್ತಿತ್ತು. 13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಕೂಡ, ಟಿಬೆಟ್ಟಿನಲ್ಲಿ ಹವಳಕ್ಕೆ ದೊಡ್ಡ ಬೆಲೆಯೆಂದೂ ಅಲ್ಲಿನವರು ಅದನ್ನು ಹೆಂಗಸರ ಕೊರಳಿಗೂ ದೇವರ ಕೊರಳಿಗೂ ಹಾಕುತ್ತಾರೆಂದೂ ಬರೆದಿಟ್ಟಿದ್ದಾನೆ. ಕಡಲೇ ಇಲ್ಲದ ನಾಡು ಕಡಲಿನ ವಸ್ತುಗಳನ್ನೇ, ಹವಳವನ್ನು, ಶಂಖವನ್ನು, ಮೈಮೇಲೆ ಮಂಗಲವೆಂದು ಧರಿಸಿತು. ಮೋಲಾ ಮೊಮ್ಮಗಳ ಕೈಯಿಂದ ಮಣಿಯನ್ನು ತೆಗೆದು ಮಾರುವವನಿಗೆ ಕೊಟ್ಟರು. ಆ ಗುಳಿ ಹಾಗೇ ಇರಬೇಕು.

ಮಧ್ಯಾಹ್ನ ತೋಡೂರಿನಲ್ಲಿ ನಮ್ಮ ಮಾಮನ ಮನೆ. ನನ್ನ ಅಜ್ಜನ ಮನೆ ಇದ್ದದ್ದು ಅರ್ಗಾದಲ್ಲಿ, ಕಡಲಿನ ಅಂಚಿಗೆ. ಸೀ ಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಈ ನಡುವೆ ಅರ್ಗಾ ಕಡೆಯ ಮನೆಗಳು ಖಾಲಿಯಾದವು. ಮಾಮ ಈಗಲೂ ಹೆದ್ದಾರಿಯಲ್ಲಿ ಹೋಗುವಾಗ ಕಾಂಪೌಂಡಿನಾಚೆ ತಮ್ಮ ತೆಂಗಿನಮರದ ತುದಿ ಕಾಣುತ್ತದೆಯೇ ಎಂದು ಕತ್ತು ಎತ್ತಿ ನೋಡುತ್ತಾರೆ.

ಮಾಮಿ ಇಸವಣ ಮೀನು ಹುರಿದಿದ್ದರು. ಹಳೇ ಕಾಲದ ಟಿಬೆಟನ್ನರು ಮೀನು ತಿನ್ನುವುದು ಅಪರೂಪ. ಒಂದು ಹೊಟ್ಟೆ ತುಂಬಲು ಎಷ್ಟೋ ಜೀವ ಹೋಗುತ್ತದೆ ಎಂಬ ಭಾವನೆ. ಮೋಲಾ ಸೋಲ್‌ಕಡಿಯನ್ನು ಮೂರು ಸಲ ಹಾಕಿಸಿಕೊಂಡು, ತೊಂಡೆಕಾಯಿ ಪಲ್ಯದ ಜೊತೆ ಊಟ ಮುಗಿಸಿದರು. ಮೊಮ್ಮಗಳು ಮೀನು ತಿಂದಳು. ಅಜ್ಜಿ ಅವಳ ತಟ್ಟೆಯ ಮುಳ್ಳುಗಳನ್ನು ಒಂದು ಬದಿಗೆ ಸರಿಸಿ ಕೊಟ್ಟರು.

ಊಟದ ಮೇಲೆ ಮಾಮ ಗಾವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟಾದರೂ ತರಲಿಕ್ಕೆ ಆಯ್ತಲ್ಲ ನಿಮಗೆ" ಎಂದರು. ಅವರು ತಂದದ್ದು ತುಳಸಿಕಟ್ಟೆಯ ಮೇಲಿನ ಕಲ್ಲು. ಅದು ಅಂಗಳದಲ್ಲಿ ಹೊಸ ಸಿಮೆಂಟಿನ ಕಟ್ಟೆಯ ಮೇಲೆ ಕೂತಿದೆ.

ಮೋಲಾ ಅಂಗಳ ನೋಡಿ, "ಮಾವಿನಮರ ಯಾವಾಗ ಹಾಕಿದ್ರಿ?" ಎಂದು ಕೇಳಿದರು.

"ಬಂದ ವರ್ಷವೇ."

"ನಮ್ಮಪ್ಪ 20 ವರ್ಷ ಹಾಕಲಿಲ್ಲ. ಜೋಳ ಹಾಕಿದ್ರು, ಭತ್ತ ಹಾಕಿದ್ರು. ಮರ ಬೇಡ. ಮರ ಬರೋದರೊಳಗೆ ವಾಪಸ್ ಹೋಗ್ತೇವೆ ಅಂತಿದ್ರು." ಸ್ವಲ್ಪ ತಡೆದು, "ಗಾವು ಕೂಡ ಗೂಟಕ್ಕೇ ನೇತು ಹಾಕ್ತಿದ್ರು, ಬಾಗಿಲ ಹತ್ರ. ಅಪ್ಪ ಹೋದಮೇಲೆ ನಾನು ದೇವರ ಕೋಣೆಯಲ್ಲಿ ಇಟ್ಟೆ" ಎಂದರು.

ಮಾಮ ಮಾತಾಡಲಿಲ್ಲ. ಎದ್ದು ಹೋಗಿ ಮಾಮಿಯ ಹತ್ತಿರ ಎರಡು ಮಾವಿನ ಸಸಿ ಕಟ್ಟಿಸಿ ಕಾರಿನಲ್ಲಿ ಇಡಿಸಿದರು. ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ: ಮುಂಡಗೋಡದ ಆ ಪೆಟ್ಟಿಗೆ ಅಷ್ಟು ವರ್ಷ ಬಾಗಿಲ ಬಳಿ ಹೊರಡಲು ತಯಾರಾಗಿಯೇ ಇತ್ತು. ನಡೆಯುವವನ ಹೆಗಲಿಗೆಂದು ಮಾಡಿದ ವಸ್ತು ಗೋಡೆಗೆ ಒರಗಿ ಕೂತದ್ದು ಒಬ್ಬ ಮನುಷ್ಯ ಕಾಯುವುದನ್ನು ಮುಗಿಸಿದ ಮೇಲೆ.

ಸೋಮವಾರ: ಯಲ್ಲಾಪುರದ ಮೇಲೆ ವಾಪಸ್

ಹುಡುಗಿ ರಜೆ ಹಾಕಿ ಜೊತೆಗೆ ಬಂದಳು. ಅರಬೈಲು ಘಟ್ಟ ಹತ್ತುವಾಗ ಮೋಲಾ ಕಣ್ಣು ಮುಚ್ಚಲಿಲ್ಲ.

ಮನೆ ತಲುಪುವಾಗ ಭಿಕ್ಷು ಬಂದು ಕೂತಿದ್ದರು. ತಾರಾದೇವಿ, ಕಾಗದದ ಸುರುಳಿ, ದಾರ, ಬಟ್ಟೆಯ ಚೂರು, ಕಾಳು, ಎಲ್ಲ ಬಂದ ಕ್ರಮದಲ್ಲೇ ಒಳಗೆ ಹೋದವು. ಅಂಕೋಲಾದ ಅಬ್ಬಲಿಗೆ ಒಣಗಿ ತಳದಲ್ಲಿ ಅಂಟಿಕೊಂಡಿತ್ತು. ಭಿಕ್ಷು ಅದನ್ನು ನೋಡಿ ಏನೆಂದು ಕೇಳಿದರು. ಮೋಲಾ ಟಿಬೆಟನ್ನಿನಲ್ಲಿ ಉದ್ದಕ್ಕೆ ಹೇಳಿದರು. ಅವರು ಮಂತ್ರ ಹೇಳಿ ಹೂವನ್ನೂ ಒಳಗೇ ಬಿಟ್ಟರು. ಮುಚ್ಚಳ ಕೂರಿಸಿ, ಕೊಂಡಿಗಳನ್ನು ಸರಿಹೊಂದಿಸಿ, ಹೊಸ ಕೆಂಪು ಉಣ್ಣೆಯ ಪಟ್ಟಿ ತೂರಿಸಿದರು. ಶೇಟ್ರ ಕೊಂಡಿಯಲ್ಲಿ ಅದು ಸಲೀಸಾಗಿ ಹೋಯಿತು. ತಂತಿಯ ಬದಿಯಲ್ಲಿ ಸ್ವಲ್ಪ ತಡೆಯಿತು.

ಆಮೇಲೆ ಟೊರೊಂಟೊದಿಂದ ಮೊಮ್ಮಗನ ವಿಡಿಯೊ ಕರೆ. ಕಾಲೋನಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಈಗ ಅಲ್ಲಿದ್ದಾರೆ. ಕ್ಯಾಂಪಿನ ಕೆಲವು ಮನೆಗಳಿಗೆ ಬೀಗ ಬಿದ್ದಿದೆ. ಅವನಿಗೆ ಮಗು ಹುಟ್ಟಿದೆ, ಗಾವು ಮಗುವಿಗೆ ಬೇಕು ಎಂದ. ಮೋಲಾನ ಅಜ್ಜ ಮಾಡಿಸಿದ ಪೆಟ್ಟಿಗೆ ಅದು. 100 ವರ್ಷ ದಾಟಿರುವುದರಲ್ಲಿ ಸಂಶಯವಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹುಡುಗಿಗೆ ನಾನು ಹೇಳಿದೆ, ಅವಳು ಅಣ್ಣನಿಗೆ ಹೇಳಿದಳು. ಅವನು ಸುಮ್ಮನಾದ.

ಮೋಲಾ ಫೋನ್ ಇಸಿದುಕೊಂಡರು. ಟಿಬೆಟನ್ನಿನಲ್ಲಿ ಅವರು ಹೇಳಿದ್ದನ್ನು ಆಮಾಲಾ ನನಗೆ ಕನ್ನಡದಲ್ಲಿ ಹೇಳಿದರು: "ಪೆಟ್ಟಿಗೆ ಸಾಕಷ್ಟು ನಡೆದಿದೆ. ಇನ್ನು ಮಗು ನಡೆದುಕೊಂಡು ಬರಲಿ. ಇಲ್ಲಿ ಎರಡು ಮಾವಿನ ಗಿಡ ನೆಡ್ತಾ ಇದ್ದೇವೆ, ಹಣ್ಣು ಬಿಡೋದರೊಳಗೆ ಕರಕೊಂಡು ಬಾ."

ಗಾವು ಮೊಮ್ಮಗಳದು ಎಂದು ಮೋಲಾ ಅಂದೇ ಎಲ್ಲರೆದುರು ಹೇಳಿದರು. ಕಾರವಾರದ ಬಾಡಿಗೆ ಕೋಣೆಗೆ ಒಯ್ಯುವುದೋ ಇಲ್ಲೇ ಇಡುವುದೋ ಅವಳಿಗೆ ಬಿಟ್ಟದ್ದು. ಸದ್ಯಕ್ಕೆ ಇಲ್ಲೇ ಇರಲಿ, ಹೊಸವರ್ಷದ ಲೋಸರ್ ಹಬ್ಬಕ್ಕೆ ಬಂದಾಗ ಹಾಕಿಕೊಳ್ಳುತ್ತೇನೆ ಎಂದಳು ಹುಡುಗಿ.

ನಾವು ಹೊರಡುವಾಗ ಆಮಾಲಾ ಶೇಟ್ರಿಗೆಂದು ಒಂದು ಬಿಳಿ ಖತಾ, ಒಂದು ಕಟ್ಟು ಛುರ್ಪಿ, ಅಂದರೆ ಒಣಗಿಸಿದ ಗಿಣ್ಣ, ಕೊಟ್ಟರು. ಮೋಲಾ ಕಾರಿನ ಕಿಟಕಿಗೆ ಬಗ್ಗಿ, "ಶೇಟ್‌ಜೀಗೆ ಹೇಳು, ನಮ್ಮಪ್ಪನ ತಂತಿ ಗಟ್ಟಿ ಇದೆ. ಆದರೆ ಅದೂ ಒಂದಿನ ಹೋಗ್ತದೆ. ನಾನಿಲ್ಲದಿದ್ರೆ ಇವಳು ತರ್ತಾಳೆ. ಅವರ ಮಗನಿಗೆ ಊದೋದು ಕಲಿಸಿ ಇಡಲಿಕ್ಕೆ ಹೇಳು" ಎಂದರು.